ಗಂಗಮ್ಮನಿಗೆ ಬಿಟ್ಟ ನೀಲಿ ಹೂವು

ನಲ್ಲೂರು
2-12-1982

ಪ್ರೀತಿಯ ಹೊನ್ನೂರಕ್ಕಾ,

ಜಗಳೂರಿಗೆ ಸುಖವಾಗಿ ಮುಟ್ಟಿದೆಯಾ? ಕೆರೆನೀರಲ್ಲಿ ನಿಂತು ಕಾಲೆಲ್ಲ ಕಡಿತ ಎದ್ದಿತ್ತಲ್ಲ, ಇಳೀತಾ? ಬೇವಿನೆಣ್ಣೆ ಹಚ್ಚು. ಜಂಪಣ್ಣ ಭಾವ "ತವರಿಗೆ ಹೋಗಿ ಎಮ್ಮೆ ಥರ ಕೆರೆಗೆ ಬಿದ್ದು ಬಂದಿದೀಯಾ" ಅಂತ ನಕ್ಕಿರ್ತಾರೆ. ನಗಲಿ. ನಾನು ಏಳ್ನೇ ಕ್ಲಾಸಿಗೇ ಇಸ್ಕೂಲು ಬಿಟ್ಟೋನು, ತಪ್ಪಿದ್ರೆ ತಿದ್ದಿಕೊಂಡು ಓದು.

ನೀನು ಹೋದ ಮೇಲೂ ಎಲ್ಲ ಸೇರಿ ಆ ನೀಲಿ ಹೂವಿನ ಗಿಡ ಕಿತ್ತು ಮುಕ್ಕಾಲು ಕೆರೆ ತೆರವಾತು. ತೂಬು ಎತ್ತಿದ್ರೆ ನೀರು ಭರ್ರಂತ ಬರ್ತದೆ. ನೀರುಗಂಟಿ ಪಾಲಣ್ಣ "ನಿಮ್ಮಕ್ಕ ಬರದಿದ್ರೆ ಗದ್ದೆಗೆ ನೀರು ಬಿಡೋ ಕೆಲಸ ನಂಗಿರ್ತಿರಲಿಲ್ಲ ಕಣೋ" ಅಂತ ದಿನಾ ಕೈ ಮುಗೀತಾನೆ. ನಂಗೆ ಕೇಳಾಕಾಗಲ್ಲ.

ಸಿಟ್ಟು ಇನ್ನೂ ಇಳಿದಿಲ್ಲ ಅಕ್ಕಾ. ನಿನ್ನ ಮದುವೆ ಗಂಗೆಪೂಜೆಗೆ ಆ ಗಿಡ ತಂದೋನು ನಾನು. ಚನ್ನಗಿರಿಯಾಗೆ ನಾನು ಮಾಲಿ ಕೆಲಸ ಮಾಡೋ ಅಡಿಕೆ ಸಾಹುಕಾರ್ರ ಬಂಗ್ಲೆ ತೊಟ್ಟಿಯಿಂದ ಒಂದೇ ಒಂದು ಕದ್ದಿದ್ದೆ. ಶೋಕಿಗೆ ಅಂತ ಎಲ್ಲಿಂದಲೋ ತರಿಸಿ ಸಾಕಿದ್ರು. ನೀರ ಮೇಲೆ ತೇಲೋದು, ನವಿಲುಗರಿ ಕಣ್ಣಿನಂಥ ನೀಲಿ ಹೂವು. ನೀನು ಅರಿಶಿಣ ಕುಂಕುಮ ಹಚ್ಚಿ ಕೆರೆಗೆ ಬಿಟ್ಟೆ. ಊರೆಲ್ಲ ಚೆಂದ ಅಂತು. ನಾಲ್ಕೇ ವರ್ಷಕ್ಕೆ ಆ ಒಂದು ಗಿಡ ಇಡೀ ಕೆರೆ ನುಂಗ್ತು. ದನ ನೀರು ಕುಡಿಯಾಕೆ ಜಾಗ ಇಲ್ಲ, ತೂಬು ಕಟ್ಟಿಕೊಂಡು ಗದ್ದೆ ಒಣಗ್ತಾ ಇದ್ವು. ಕೀಳಾಕೆ ಹೋದ್ರೆ ಊರ ಯಜಮಾನ ಮಲ್ಲೇಶಪ್ಪ ಗೌಡ್ರು "ಮುಟ್ಟಬ್ಯಾಡ್ರಿ, ಗಂಗಮ್ಮನಿಗೆ ಕೊಟ್ಟಿದ್ದು ವಾಪಸ್ ತಗಂಬಾರ್ದು" ಅಂದ್ರು. ಗಿಡ ಮುಟ್ಟಂಗಿಲ್ಲ, ತೂಬು ಕಟ್ಟಿದ್ದಕ್ಕೆ ಪಾಲಣ್ಣನ್ನ ಮಾತ್ರ ಕೆಲಸದಿಂದ ತೆಗೀಬೇಕು ಅಂತೆ! ಎಂಥ ನ್ಯಾಯ ಇದು? ಆಮೇಲೆ "ಆ ಹುಡುಗಿ ಕೈಗುಣವೇ ಸರಿಯಿಲ್ಲ" ಅಂತ ನಿನ್ನ ಮೇಲೆ ಬಂತು. ನನ್ನ ಕೆಲಸ ಹೋಗ್ತದೆ ಅಂತ ಹಲ್ಲು ಕಚ್ಚಿಕೊಂಡು ಸುಮ್ನಿದ್ದೆ. ಥೂ ನನ್ನ ಜನ್ಮಕ್ಕೆ.

ದೀಪಾವಳಿಗೆ ಬಂದ ನೀನು ಎಲ್ಲ ಕೇಳಿಸ್ಕೊಂಡು, ಸೀರೆ ಎತ್ತಿಕಟ್ಟಿ ಸೀದಾ ನೀರಿಗೆ ಇಳಿದೆ. "ಕೊಟ್ಟೋಳು ನಾನು, ವಾಪಸ್ ಕೇಳೋಳೂ ನಾನೇ. ಗಂಗಮ್ಮ ಏನು ನಮ್ಮತ್ತೆನೇನ್ರೀ ಗೌಡ್ರೇ, ಕೊಟ್ಟಿದ್ದೆಲ್ಲ ಟ್ರಂಕಿಗೆ ಬೀಗ ಹಾಕಿ ಇಟ್ಕಳಾಕೆ?" ಅಂದೆ ನೋಡು, ಹೆಂಗಸ್ರೆಲ್ಲ ಗೊಳ್ಳಂತ ನಕ್ಕು ನಿನ್ನ ಹಿಂದೇನೇ ಇಳಿದ್ರು. ಮೂರು ದಿನ ಎಳೆದ್ವಿ. ಅಷ್ಟಾದ್ರೂ ನನ್ನ ಹೆಸರು ನಿನ್ನ ಬಾಯಲ್ಲಿ ಬರಲಿಲ್ಲ. ಬಸ್ ಹತ್ತುವಾಗಲೂ "ಸುಮ್ನಿರು, ನಿನ್ನ ಕೆಲಸ ಉಳೀಲಿ" ಅಂದೆ. ನಂಗೆ ಚೆಂದಾಗಿ ಹೇಳಾಕೆ ಬರಲ್ಲ ಅಕ್ಕಾ. ಇಷ್ಟು ಉಪಕಾರ ನಂಗೆ ಯಾರೂ ಮಾಡಿಲ್ಲ.

ಅವ್ವ ನಿಮಗೆಲ್ಲ ಒಳ್ಳೇದಾಗಲಿ ಅಂದಾಳೆ. ಪಾಪೂಗೆ ಮುತ್ತು, ಭಾವಂಗೆ ನಮಸ್ಕಾರ.

ನಿನ್ನ ತಮ್ಮ
ಓಬಣ್ಣ

ಮತ್ತೆ: ನೀನು ಸುಮ್ನಿರು ಅಂದಿದ್ದೆ, ನಂಗೆ ಇರಾಕಾಗಲಿಲ್ಲ. ತೊಟ್ಟಿ ಗಿಡ ತೆಗೆಸ್ರಿ, ಇನ್ನೊಂದು ಕೆರೆ ನುಂಗೀತು ಅಂತ ಸಾಹುಕಾರ್ರಿಗೆ ಹೇಳಿದೆ. "ಮಾಲಿ ಆದೋನು ಮಾಲಿ ಥರ ಇರು" ಅಂದ್ರು. ನಾನೇ ಎಲ್ಲಾ ಕಿತ್ತು ಬಿಸಿಲಿಗೆ ಎಸೆದೆ. ಕೆಲಸ ಹೋಯ್ತು. ಇವತ್ತು ಕೆರೆ ಕಟ್ಟೆ ಮೇಲೆ ಊರವರ ಮುಂದೆ "ಕದ್ದು ತಂದೋನು ನಾನು, ಅಕ್ಕಂದು ಏನೂ ತಪ್ಪಿಲ್ಲ" ಅಂತ ಕೂಗಿ ಹೇಳಿದೆ. ಯಾರೂ ಬೈಲಿಲ್ಲ. ಪಾಲಣ್ಣ ಮಾತ್ರ "ನಾಲ್ಕು ವರ್ಷ ಎಲ್ಲಿದ್ದೆ ಮಗಾ?" ಅಂದ. ಉಳಿದ ಗಿಡ ಕೀಳಾಕೆ ನೀರಿಗೆ ಇಳಿದೆ.