ಕಾಣದ ಪ್ರತಿ

೧೪ ಜೂನ್, ಶುಕ್ರವಾರ

ಊಟ ಸೇರಲಿಲ್ಲ. ಗೇರುಬೀಜದ ಕಾರ್ಖಾನೆಯ ಆಫೀಸಿನ ಕಂಪ್ಯೂಟರ್ ಕ್ಯಾಲೆಂಡರಿನಿಂದ ಯಾರನ್ನು ಮೀಟಿಂಗಿಗೆ ಕರೆದರೂ ಒಂದು ಪ್ರತಿ ಗುಟ್ಟಾಗಿ ಧನಿಗಳಿಗೆ ತಾನಾಗಿ ಹೋಗುವಂತೆ ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ, ಬರೆದವಳು ನಾನೇ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು ವೀಡಿಯೋ ನೋಡಿ ಕಲಿತೆನೆಂದು ಆಗ ಜಂಬ ಬೇರೆ.

ಇವತ್ತು ಬೀಜ ಆರಿಸುವ ಸೇವಂತಿಯಕ್ಕ, "ಮೂತ್ರಕ್ಕೆ ಹೋಗ್ಲಿಕ್ಕೂ ಚೀಟಿ ಕೇಳುದು ಎಂತ ಅವಸ್ಥೆ ಮಾರಾಯ್ತಿ. ಆದಿತ್ಯವಾರ ಆಲಂಕಾರಿನ ನಮ್ಮ ಮನೆಗೆ ಎಲ್ಲರನ್ನೂ ಕರಿ, ಮಾತಾಡುವ" ಎಂದರು. ನಾನು ಅಭ್ಯಾಸದಲ್ಲಿ ಆಫೀಸಿನ ಕ್ಯಾಲೆಂಡರಿನಿಂದಲೇ ಕರೆದುಬಿಟ್ಟೆ. ಬೀಜ ಆರಿಸುವ ಆರೂ ಹೆಂಗಸರ ಹೆಸರು ಅದರಲ್ಲಿ ಉಂಟು, ಪ್ರತಿ ಧನಿಗಳಿಗೂ ಹೋಗಿಯಾಯಿತು.

ಸೇವಂತಿಯಕ್ಕನಿಗೆ ಹೇಳಿದರೆ, ಇಷ್ಟು ದಿನ ಧನಿಗಳಿಗೆ ಎಲ್ಲ ಮುಟ್ಟಿಸಿದವಳು ನಾನೆಂದು ಗೊತ್ತಾಗುತ್ತದೆ. ಹೇಳದಿದ್ದರೆ ಅವರೆಲ್ಲರ ಕೆಲಸ ಹೋಗುತ್ತದೆ. ಫೋನ್ ಎತ್ತಿ ಎತ್ತಿ ಇಟ್ಟೆ.

ಇದನ್ನು ಬರೆಯುವಾಗಲೇ ಆ ಕರೆಗೆ ಧನಿಗಳ ಉತ್ತರ ಬಂತು. ಅವರೂ ಬರುತ್ತಾರಂತೆ.