ಆರನೆಯ ಹೆಸರು

ಹಿಬ್ಬಿಂಗ್, ಮಿನೆಸೋಟ
ಮಾರ್ಚ್ 30

ಪ್ರೀತಿಯ ಸೆಡ್ರಿಕ್,

ನಾನು ಐಲಿ ನಿಯೆಮಿ. ನಿಮ್ಮ ಹ್ಯಾಮರ್ಸ್ ಒಳಾಂಗಣ ಫುಟ್‌ಬಾಲ್ ತಂಡ ಆಡುವಾಗ ಮೊದಲ ಸಾಲಿನಲ್ಲಿ ಕೂರುತ್ತಿದ್ದವಳು. ನನ್ನನ್ನು ಮರೆತಿದ್ದರೂ ನನ್ನ ಗಂಡ ಆರ್ವೋನನ್ನು ನೀನು ಮರೆತಿರಲಾರೆ. ನಾಲ್ಕು ಸಲ ಅವನ ಮೇಲೆ ಬಿದ್ದಿದ್ದೀಯ.

ಐಸ್ ಹಾಕಿ ಅಂಕಣದ ಮಂಜುಗಡ್ಡೆಯ ಮೇಲೆ ಹಸಿರು ಹಾಸು ಹಾಸಿ ನಿಮ್ಮನ್ನು ಆಡಿಸುತ್ತಿದ್ದರು. ನೀನು ಚೆಂಡನ್ನು ಕೈಯಲ್ಲಿ ಅವಚಿಕೊಂಡು ಓಡಿ ಬಂದು, ನಿಲ್ಲಲಾರದೆ, ಅಂಚಿನ ಮೆತ್ತೆ ಹೊದಿಸಿದ ಗಿಡ್ಡ ಗೋಡೆ ದಾಟಿ ನಮ್ಮ ಮೇಲೇ ಉರುಳುತ್ತಿದ್ದೆ. ಮೊದಲ ಸಲವೇ ಆರ್ವೋನ ಹೆಗಲ ಮೂಳೆ ಮುರಿಯಿತು. ನೀನು ಆಸ್ಪತ್ರೆಗೆ ಬಂದು ಅತ್ತಿದ್ದೆ, ನೆನಪಿದೆಯೇ?

"ಚೆಂಡು ಕೈಬಿಟ್ಯೇನೋ?" ಅಂದ ಆರ್ವೋ.

"ಇಲ್ಲ ಸರ್."

"ಮತ್ಯಾಕೋ ಅಳ್ತೀಯ?"

ಮುಂದಿನ ಶನಿವಾರ ತೋಳನ್ನು ಕೊರಳಿಗೆ ಕಟ್ಟಿಕೊಂಡು ಬಂದು ಅದೇ ಕುರ್ಚಿಯಲ್ಲಿ ಕೂತ. ಹಿಂದೆ ಕೂರೋಣ ಎಂದು ನಾನು ರೇಗಿದರೆ, "ಹುಡುಗ ಅಲಬಾಮದಿಂದ ಬಂದಿದಾನೆ ಕಣೇ, ಇಲ್ಲಿ ಅವನಿಗೆ ಯಾರೂ ಇಲ್ಲ. ಬಿದ್ರೆ ಹಿಡಿಯೋಕೆ ಒಬ್ರಾದ್ರೂ ಬೇಡ್ವಾ?" ಅಂದ.

ಏಳೇ ಆಟಕ್ಕೆ ತಂಡ ಮುಚ್ಚಿತು, ನೀವೆಲ್ಲ ಊರು ಬಿಟ್ಟಿರಿ. ಅವನು ಮಾತ್ರ ಹದಿನೆಂಟು ವರ್ಷ ಹ್ಯಾಮರ್ಸ್ ಟೋಪಿ ಬಿಡಲಿಲ್ಲ.

ಜನವರಿಯಲ್ಲಿ ಆರ್ವೋ ತೀರಿಕೊಂಡ. ಇಲ್ಲಿಯ ನೆಲ ಆಗ ಹೆಪ್ಪುಗಟ್ಟಿ ಕಲ್ಲಾಗಿರುತ್ತದೆ, ಗುಂಡಿ ತೋಡಲಾಗದು, ನಿನಗೆ ಗೊತ್ತು. ಅಲ್ಲಿಯವರೆಗೆ ಅವನನ್ನು ಶವಾಗಾರದಲ್ಲಿ ಇಟ್ಟಿದ್ದಾರೆ; ಮಣ್ಣು ಮಾಡುವುದು ಮೇ ಮೂರಕ್ಕೆ. ನೀನು ಬರಬೇಕು. ನಮ್ಮ ಮನೆಯ ಮೇಲಿನ ಕೋಣೆ ಖಾಲಿಯಿದೆ, ಅಲ್ಲೇ ಮಲಗಬಹುದು. ದಪ್ಪ ಕೋಟು ತಾ.

ಪೆಟ್ಟಿಗೆಗೆ ಹೆಗಲು ಕೊಡಬೇಕಾದ ಆರು ಜನರ ಹೆಸರನ್ನು ಅವನೇ ಬರೆದಿಟ್ಟಿದ್ದಾನೆ. ಐವರು ಗಣಿಯಲ್ಲಿ ಅವನ ಜೊತೆ ದುಡಿದ ಗೆಳೆಯರು. ಆರನೆಯದು ನಿನ್ನ ಹೆಸರು. ಅದರ ಪಕ್ಕದಲ್ಲಿ ಹೀಗಿದೆ: "ತಾನು ಬಿದ್ರೂ ಕೈಲಿರೋದನ್ನ ಬೀಳಿಸೋನಲ್ಲ."

ನಿನ್ನ ದಾರಿ ಕಾಯುವ,
ಐಲಿ