ಕಿಟಕಿ ಪಕ್ಕದ ಸ್ಟೂಲು

ಅಂಗಡಿಯ ಅಣ್ಣಾ,

ನೀವು ತೀರಿಕೊಂಡ ಮೇಲೆ ಇವತ್ತೇ ಮೊದಲ ಸಲ ನಿಮ್ಮ ಪುಸ್ತಕದಂಗಡಿಗೆ ಹೋಗಿದ್ದೆ. ನಿಮ್ಮ ಮಗಳು ಕಪಾಟು ಖಾಲಿ ಮಾಡುತ್ತಿದ್ದರು. ಅವರು ನನ್ನನ್ನು ಕಂಡವರಲ್ಲ.

ಊರಿನಲ್ಲಿ ಯಾರೇ ಪುಸ್ತಕ ಬರೆದರೂ ಮೊದಲ ದಿನ ಅವರನ್ನು ಕಿಟಕಿ ಪಕ್ಕದ ಸ್ಟೂಲಿನಲ್ಲಿ ಕೂರಿಸಿ, ಬಂದವರಿಗೆಲ್ಲ ಪರಿಚಯಿಸುತ್ತಿದ್ದಿರಿ. ನನ್ನ ಸರದಿಯ ದಿನ ನಾನು ನಿಘಂಟುಗಳ ಕಪಾಟಿನ ಹಿಂದೆ ಅಡಗಿದ್ದೆ.

"ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ಅಂತ ನಗ್ತಾರೆ ಅಣ್ಣಾ."

"ನಗೋರು ಮೊದಲು ನಾಲ್ಕು ಸಾಲು ಬರೀಲಿ. ಸ್ಟೂಲು ಎಲ್ಲೂ ಓಡಿಹೋಗಲ್ಲ ಮಾರಾಯ್ತಿ, ನೀನು ಓಡಬೇಡ ಅಷ್ಟೆ" ಅಂದಿದ್ದಿರಿ.

ಇವತ್ತು ನಿಮ್ಮ ಮಗಳು ನನ್ನ ಪುಸ್ತಕವನ್ನೇ ನನ್ನ ಕೈಗಿಟ್ಟರು. "ಓದಿ, ಅಪ್ಪ ಎಲ್ರಿಗೂ ಓದಿಸ್ತಿದ್ರು. ಬರೆದವಳು ಮಾತ್ರ ಆಸ್ಪತ್ರೆ ಕಡೆ ತಲೆ ಹಾಕಲಿಲ್ಲ. ಬಾಗಿಲು ಸದ್ದಾದ್ರೆ ಸಾಕು, ಅವಳೇ ಇರಬೇಕು ನೋಡು ಅನ್ನೋರು. ನಿಮಗೇನಾದ್ರೂ ಗೊತ್ತಾ ಅವಳು?"

ಆ ಬಾಗಿಲವರೆಗೆ ನಾನು ಎರಡು ಸಲ ಬಂದಿದ್ದೆ. ನಿಮ್ಮ ಮಂಚದ ಸುತ್ತ ದೊಡ್ಡ ದೊಡ್ಡ ಲೇಖಕರು ನಿಂತಿದ್ದರು.

"ಗೊತ್ತಿಲ್ಲ" ಅಂದೆ.

ಅವರು ಅದೇ ಸ್ಟೂಲು ಹತ್ತಿ ಮೇಲಿನ ಸಾಲಿಗೆ ಕೈಚಾಚಿದರು. ಸ್ಟೂಲು ಅಲ್ಲಾಡಿತು, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ. ಇಳಿದವರು ಅದರ ಧೂಳು ಒರೆಸಿ ನನ್ನತ್ತ ಸರಿಸಿದರು.

"ಕೂತ್ಕೊಳ್ಳಿ."

"ಇಲ್ಲ, ಹೊತ್ತಾಯ್ತು" ಅಂದೆ ಅಣ್ಣಾ.